ಗೆಲ್ಲುವವನಾರು?



ಹೆಸರಾಂತ ಮಲ್ಲರಿಬ್ಬರು ಕಾಳಗಕ್ಕೆ ನಿಲ್ಲುವರೆಂಬ ಸುದ್ದಿ ಹಬ್ಬಿತೆಂದರೆ ‘ಗೆಲ್ಲುವವನಾರು?’ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುವುದು. ಭೀಮಾನದಿಯ ಬಯಲಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿಗೆ ಮುಂಚೆ ಕಟ್ಟೆಯ ಮೇಲೆ ನಡೆಯುವ ಚರ್ಚೆಯೂ, 2024ನೆಯ ಮೇ ತಿಂಗಳಲ್ಲಿ ಉಸಿಕ್ ಮತ್ತು ಫ್ಯೂರಿ ಎಂಬ ಮುಷ್ಟಿಮಲ್ಲರು ರಿಯಾಧ್ ನಗರದಲ್ಲಿ ಎದುರಾಗುವ ಮುಂಚೆ ಲೋಕದ ಪತ್ರಿಕೆಗಳಲ್ಲಿ ನಡೆದ ಚರ್ಚೆಯೂ ಮೂಲದಲ್ಲಿ ಒಂದೇ. ಮೈಕಟ್ಟನ್ನು ನೋಡಿ ಒಬ್ಬರು, ಹಿಂದಿನ ಗೆಲವುಗಳನ್ನು ಎಣಿಸಿ ಇನ್ನೊಬ್ಬರು, ತಮ್ಮ ಕಡೆಯವನೆಂಬ ಅಭಿಮಾನದಿಂದ ಮತ್ತೊಬ್ಬರು ತೀರ್ಪನ್ನು ಮೊದಲೇ ಹೇಳಿಬಿಡುವರು. ಇಂಥ ತೀರ್ಪುಗಳಿಗೆ ಆಧಾರವೆಷ್ಟು ಎಂಬುದನ್ನು ವಿಚಾರಿಸುವುದೇ ಇಂದಿನ ಭಾಷಣದ ಉದ್ದೇಶ.

ಈ ಪ್ರಶ್ನೆ ಹೊಸದಲ್ಲ. ಭೀಮ ದುರ್ಯೋಧನರು ಗದೆ ಹಿಡಿದು ನಿಂತಾಗ ಅರ್ಜುನನು ಕೃಷ್ಣನನ್ನು ಇದನ್ನೇ ಕೇಳಿದನೆಂದು ವ್ಯಾಸಭಾರತದ ಶಲ್ಯಪರ್ವವು ಹೇಳುತ್ತದೆ. ಇಬ್ಬರಿಗೂ ದೊರೆತ ಶಿಕ್ಷಣ ಒಂದೇ. ಬಲದಲ್ಲಿ ಭೀಮನು ಮೇಲು, ಅಭ್ಯಾಸದಲ್ಲಿ ದುರ್ಯೋಧನನು ಮೇಲು. ಬಲಶಾಲಿಗೂ ಕುಶಲನಿಗೂ ಕಾಳಗವಾದರೆ ಕುಶಲನೇ ಹೆಚ್ಚಿನವನು. ಧರ್ಮಯುದ್ಧದಲ್ಲಿ ಭೀಮನು ಗೆಲ್ಲಲಾರನು — ಇದು ಕೃಷ್ಣನ ಉತ್ತರದ ಸಾರಾಂಶ. ದುರ್ಯೋಧನನು ಭೀಮನ ಕಬ್ಬಿಣದ ಪ್ರತಿಮೆಯನ್ನು ಮಾಡಿಸಿಕೊಂಡು ಹದಿಮೂರು ವರ್ಷ ಅದರ ಮೇಲೆ ಗದೆ ಬೀಸಿ ಅಭ್ಯಾಸಮಾಡಿದ್ದನಂತೆ. ಮುಂದೆ ಭೀಮನು ಗೆದ್ದದ್ದು ತೊಡೆಗೆ ಹೊಡೆದು; ಅದು ಗದಾಯುದ್ಧದ ನಿಯಮಕ್ಕೆ ಹೊರತಾದ ಹೊಡೆತ. ಭವಿಷ್ಯ ಸುಳ್ಳಾಗಲಿಲ್ಲ, ನಿಯಮವೇ ಮುರಿಯಿತು. ಇದೇ ಕಾಳಗವನ್ನು ವಸ್ತುವಾಗಿಟ್ಟುಕೊಂಡು ರನ್ನಕವಿಯು ತನ್ನ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಕಟ್ಟಿದ್ದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಕೃಷ್ಣನ ಉತ್ತರದಲ್ಲಿ ನಾವು ಗಮನಿಸಬೇಕಾದುದು ಒಂದುಂಟು. ಆತನಿಗೆ ಭೀಮನು ಬೇಕಾದವನು. ಆದರೂ ಬಯಕೆಯನ್ನು ಬದಿಗಿಟ್ಟು ಗುಣಗಳನ್ನು ತೂಗಿದನು.

ಈಗ ಮುಷ್ಟಿಯುದ್ಧದ ಇತಿಹಾಸದಿಂದ ಕೆಲವು ಉದಾಹರಣೆಗಳನ್ನು ನೋಡೋಣ. ಭವಿಷ್ಯಕಾರರು ಮೊದಲು ನಂಬುವುದು ದೇಹದ ಅಳತೆಯನ್ನು. ಫ್ಯೂರಿಯ ಎತ್ತರ 6 ಅಡಿ 9 ಅಂಗುಲ. ಉಸಿಕನದು 6 ಅಡಿ 3 ಅಂಗುಲ. ತೂಕದ ಅಂತರ ಸುಮಾರು 40 ಪೌಂಡು. ಇಬ್ಬರೂ ಅದುವರೆಗೆ ಸೋಲರಿಯದವರು. ಒಬ್ಬನ ಬಳಿ ಒಂದು ಸಂಸ್ಥೆಯ ಪಟ್ಟ, ಇನ್ನೊಬ್ಬನ ಬಳಿ ಮೂರು ಸಂಸ್ಥೆಗಳ ಪಟ್ಟ. ಒಂಬತ್ತನೆಯ ಸುತ್ತಿನಲ್ಲಿ ದೈತ್ಯನಾದ ಫ್ಯೂರಿಯೇ ತತ್ತರಿಸಿದನು. ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕನ ಪರವಾಗಿಯೂ ಒಬ್ಬರು ಫ್ಯೂರಿಯ ಪರವಾಗಿಯೂ ಅಂಕವಿತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಎದುರಾದಾಗ ಮೂವರೂ ಉಸಿಕನನ್ನೇ ಮೆಚ್ಚಿದರು. ಅಳತೆಪಟ್ಟಿಯು ತೋಳಿನ ಉದ್ದವನ್ನು ಹೇಳಬಲ್ಲುದೇ ಹೊರತು ಕಾಲಿನ ಚಲನೆಯನ್ನು ಹೇಳಲಾರದು.

ಎರಡನೆಯದು ತರ್ಕದ ದೋಷ. 1973ರಲ್ಲಿ ಜಾರ್ಜ್ ಫೋರ್‌ಮನ್ನನು ಫ್ರೇಜಿಯರನನ್ನೂ, 1974ರಲ್ಲಿ ನಾರ್ಟನನನ್ನೂ ಎರಡೆರಡು ಸುತ್ತುಗಳಲ್ಲಿಯೇ ಉರುಳಿಸಿದ್ದನು. ಆ ಇಬ್ಬರೂ ಮಹಮ್ಮದ್ ಅಲಿಯನ್ನು ಒಂದೊಂದು ಸಲ ಸೋಲಿಸಿದ್ದವರು. ಆದಕಾರಣ ಫೋರ್‌ಮನ್ನನು ಅಲಿಯನ್ನು ನಿಸ್ಸಂದೇಹವಾಗಿ ಸೋಲಿಸುವನೆಂದು ಬಹುಮಂದಿ ಎಣಿಸಿದರು. ಹಿರಿದಕ್ಕಿಂತ ಹಿರಿದಾದುದು ಕಿರಿದಕ್ಕಿಂತಲೂ ಹಿರಿದೆಂಬ ನ್ಯಾಯವು ಅಕ್ಕಿಯ ಮೂಟೆಗಳಿಗೆ ಸಲ್ಲುವುದು, ಮನುಷ್ಯರಿಗೆ ಸಲ್ಲದು. ಬೇಗನೆ ಗೆಲ್ಲುತ್ತಿದ್ದ ಫೋರ್‌ಮನ್ನನಿಗೆ ದೀರ್ಘಕಾಳಗದ ರೂಢಿ ಕಡಮೆ ಎಂಬುದನ್ನು ಅಲಿಯು ಕಂಡುಕೊಂಡಿದ್ದನು. ಕಿನ್ಶಾಸಾ ನಗರದಲ್ಲಿ 1974ನೆಯ ಅಕ್ಟೋಬರ್ 30ರಂದು ಅಲಿಯು ಹಗ್ಗಕ್ಕೆ ಬೆನ್ನುಕೊಟ್ಟು, ಹೊಡೆತಗಳನ್ನು ತೋಳುಗಳ ಮೇಲೆ ತಾಳಿಕೊಂಡು, ಎದುರಾಳಿಯನ್ನು ಬಳಲಿಸಿ, ಎಂಟನೆಯ ಸುತ್ತಿನಲ್ಲಿ ಕೆಡಹಿದನು. ಆಗ ಅಲಿಗೆ 32 ವರ್ಷ, ಫೋರ್‌ಮನ್ನನಿಗೆ 25.

ಮೂರನೆಯದು, ಹಿಂದಿನ ಫಲವೇ ಮುಂದಿನ ಫಲವೆಂಬ ನಂಬಿಕೆ. 1936ರಲ್ಲಿ ಸೋಲರಿಯದ ತರುಣ ಜೋ ಲೂಯಿಯನ್ನು ಜರ್ಮನಿಯ ಷ್ಮೆಲಿಂಗನು ಹನ್ನೆರಡನೆಯ ಸುತ್ತಿನಲ್ಲಿ ಸೋಲಿಸಿದನು. ಎಡಗೈಯಿಂದ ಚುಚ್ಚಿದ ಬಳಿಕ ಲೂಯಿಯು ಆ ಕೈಯನ್ನು ಕೆಳಗಿಳಿಸುವನೆಂಬ ಒಂದೇ ಲೋಪವನ್ನು ಅವನು ಗುರುತಿಸಿಕೊಂಡಿದ್ದನು. ಎರಡು ವರ್ಷಗಳ ತರುವಾಯ, 1938ನೆಯ ಜೂನ್ 22ರಂದು, ಅದೇ ಇಬ್ಬರು ಮತ್ತೆ ನಿಂತರು. ಕಾಳಗವು ಮೊದಲನೆಯ ಸುತ್ತಿನಲ್ಲಿಯೇ, ಸುಮಾರು ಎರಡು ನಿಮಿಷಗಳಲ್ಲಿ, ಲೂಯಿಯ ಜಯದಿಂದ ಮುಗಿಯಿತು. ಗೆದ್ದವನು ಪಾಠ ಹೇಳಿದ್ದನು, ಸೋತವನು ಕಲಿತಿದ್ದನು. ಈ ನಡುವೆ ಜರ್ಮನಿಯ ನಾಜಿ ಪ್ರಭುತ್ವವು ಷ್ಮೆಲಿಂಗನ ಮೊದಲ ಗೆಲವನ್ನು ತನ್ನ ಜನಾಂಗದ ಹಿರಿಮೆಗೆ ಸಾಕ್ಷಿಯೆಂದು ಸಾರಿಕೊಂಡಿತ್ತು. ಷ್ಮೆಲಿಂಗನಾದರೋ ಆ ಪಕ್ಷದ ಸದಸ್ಯನಾಗಿರಲಿಲ್ಲ. ಅವನ ವ್ಯವಹಾರ ನೋಡುತ್ತಿದ್ದವನು ಒಬ್ಬ ಯೆಹೂದ್ಯ. ಒಬ್ಬ ಮನುಷ್ಯನ ಮುಷ್ಟಿಯ ಮೇಲೆ ಒಂದು ಜನಾಂಗದ ಮಾನವನ್ನು ಹೊರಿಸುವ ಭವಿಷ್ಯವಾಣಿ ಎಲ್ಲಕ್ಕಿಂತ ಅಪಾಯಕರವಾದುದು.

ನಮ್ಮ ದೇಶದ ಗಾಮಾ ಪೈಲ್ವಾನನ ಕಥೆಯೂ ಇದಕ್ಕೆ ಹತ್ತಿರದ್ದು. 1910ರಲ್ಲಿ ಅವನು ಲಂಡನ್ನಿಗೆ ಹೋದಾಗ ಪಾಶ್ಚಾತ್ಯ ಮಲ್ಲರಿಗೆ ಹಿಂದೂಸ್ತಾನದವನೊಬ್ಬನು ಸಮನೆಂಬುದೇ ಅನೇಕರಿಗೆ ನಂಬಲಾಗದ ಮಾತು. ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೋ ಎರಡು ಗಂಟೆಗಳಿಗೂ ಮೀರಿ ನೆಲಕಚ್ಚಿಕೊಂಡು ತನ್ನನ್ನು ಕಾಪಾಡಿಕೊಂಡನು. ವಾರದ ಬಳಿಕ ಗೊತ್ತಾಗಿದ್ದ ಮರುಕಾಳಗಕ್ಕೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲೆಯಲ್ಲಿ ಇಬ್ಬರೂ ಕೂಡಿದರು. ಗಾಮಾನಿಗೆ ಆಗ ವಯಸ್ಸು ಐವತ್ತರ ಹತ್ತಿರ. ಒಂದು ನಿಮಿಷ ತುಂಬುವುದರೊಳಗೆ ಜ್ಬಿಸ್ಕೋ ಬೆನ್ನಮೇಲೆ ಬಿದ್ದಿದ್ದನು.

ಹಾಗಾದರೆ ಭವಿಷ್ಯ ಹೇಳುವುದೇ ಸಲ್ಲದೆ? ಹಾಗೇನಿಲ್ಲ. ತಿಳಿದವರು ಕೇಳುವ ಪ್ರಶ್ನೆಗಳು ಬೇರೆ. ಇವನ ಬಲವಾದ ಪಟ್ಟು ಅವನ ಯಾವ ಲೋಪಕ್ಕೆ ತಗಲುವುದು? ಹೊತ್ತು ಬೆಳೆದರೆ ಯಾರ ಉಸಿರು ನಿಲ್ಲುವುದು? ಹಿಂದಿನ ಸೋಲಿನಿಂದ ಯಾರು ಕಲಿತಿದ್ದಾರೆ? ಈ ಮೂರಕ್ಕೆ ಉತ್ತರವಿಲ್ಲದೆ ಹೇಳಿದ ತೀರ್ಪು ಬರಿಯ ಬಯಕೆ. ಉತ್ತರವಿದ್ದು ಹೇಳಿದ ತೀರ್ಪೂ ಸುಳ್ಳಾಗಬಹುದು. ಆದರೆ ಅದು ವಿಚಾರವೆನಿಸಿಕೊಳ್ಳುವುದು.

ಇಲ್ಲಿಯೇ ಜಾತ್ರೆಯ ಕುಸ್ತಿಯು ನಮಗೊಂದು ಬೆಳಕನ್ನು ಕೊಡುತ್ತದೆ. ಮುಷ್ಟಿಯುದ್ಧದಲ್ಲಿ ಸಮಬಲರನ್ನು ಕೂಡಿಸುವುದಕ್ಕಾಗಿ ತೂಕದ ವರ್ಗಗಳನ್ನು ಏರ್ಪಡಿಸಿದ್ದಾರೆ. ಆದರೆ 200 ಪೌಂಡುಗಳಿಗೆ ಮೇಲ್ಪಟ್ಟ ಅತಿಭಾರದ ವರ್ಗಕ್ಕೆ ಮೇಲಿನ ಮಿತಿಯೇ ಇಲ್ಲ. ನಮ್ಮ ಮಣ್ಣಿನ ಕಣದಲ್ಲಿಯೂ ಹಾಗೆಯೇ, ತಕ್ಕಡಿಯಿಲ್ಲ. ಜೋಡಿ ಹಚ್ಚುವವರು ಊರಿನ ಹಿರಿಯರೂ ಹಳೆಯ ಉಸ್ತಾದರೂ. ಹುಡುಗರು ಕಣಕ್ಕಿಳಿದಾಗ ಅವರ ಭುಜ, ಕುತ್ತಿಗೆ, ನಿಲುವು, ನಡಿಗೆಗಳನ್ನು ಕಣ್ಣಿನಿಂದಲೇ ಅಳೆದು, ಯಾವ ತಾಲೀಮಿನವನು, ಎಷ್ಟು ದಿನ ಮಣ್ಣು ಹೊತ್ತವನು ಎಂದು ವಿಚಾರಿಸಿ, ಇಬ್ಬರ ಕೈಗಳನ್ನು ಕೂಡಿಸುವರು. ತೆಂಗಿನಕಾಯಿಯ ಕುಸ್ತಿಯಿಂದ ಮೊದಲಾಗಿ ಬೆಳ್ಳಿಯ ಕಡಗದ ಕಡೆಯ ಕುಸ್ತಿಯವರೆಗೆ ಇದೇ ಕ್ರಮ. ಕ್ರಿ.ಶ. 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದವನ್ನು ವರ್ಣಿಸುತ್ತ ಮಲ್ಲರನ್ನು ವಯಸ್ಸು, ದೇಹ, ಬಲಗಳಿಗನುಸಾರವಾಗಿ ವಿಂಗಡಿಸಿದ್ದಾನೆ. ಆಳಂದದ ನೆರೆಯ ನೆಲದಲ್ಲಿ ಈ ವಿವೇಕಕ್ಕೆ ಒಂಬೈನೂರು ವರ್ಷಗಳ ಹಿರಿತನವಿದೆ.

ಆಲೋಚಿಸಿ ನೋಡಿದರೆ ಜೋಡಿ ಹಚ್ಚುವವನ ಕೆಲಸ ಭವಿಷ್ಯಕಾರನ ಕೆಲಸಕ್ಕೆ ತೀರ ವಿರುದ್ಧವಾದುದು. ಇಬ್ಬರಲ್ಲಿ ಯಾರು ಗೆಲ್ಲುವರೆಂಬುದು ಅವನಿಗೆ ಸ್ಪಷ್ಟವಾಗಿ ಹೊಳೆದರೆ ಆ ಜೋಡಿಯನ್ನು ಅವನು ಬಿಡಿಸಬೇಕು. ಯಾರೂ ಭವಿಷ್ಯ ಹೇಳಲಾಗದ ಜೋಡಿಯೇ ಸರಿಯಾದ ಜೋಡಿ. ಅವನು ತಪ್ಪಿದರೆ ನಷ್ಟವಾಗುವುದು ಹಣವಲ್ಲ. ಎಳೆಯನೊಬ್ಬನ ಕತ್ತು ಉಳುಕೀತು, ತೋಳು ಮುರಿದೀತು. ಅದಕ್ಕಾಗಿ ನೆರೆದವರು ಎಷ್ಟು ಕೂಗಿದರೂ, ಹಲಗೆ ಎಷ್ಟು ಬಡಿದರೂ, ಒಪ್ಪದ ಜೋಡಿಯನ್ನು ಬೇಡವೆನ್ನುವ ಧೈರ್ಯ ಅವನಿಗಿರಬೇಕು.

ಜನರು ಜಿದ್ದಿಗೆ ಬಿದ್ದಾಗ ಈ ಧೈರ್ಯಕ್ಕೆ ಪರೀಕ್ಷೆ ಬರುವುದು. ಪಂಥ ಕಟ್ಟಿದವನಿಗೆ ಕಣದಲ್ಲಿರುವವನು ಮನುಷ್ಯನಾಗಿ ಕಾಣದೆ ತನ್ನ ಹಣವಾಗಿ ಕಾಣುವನು. ‘ಇನ್ನೂ ಹೊಡೆ, ಇನ್ನೂ ನಿಲ್ಲು’ ಎಂಬ ಕೂಗು ಅಲ್ಲಿಂದಲೇ ಏಳುವುದು. ಅಲಿಯಂಥ ಚಪಲಗಾಮಿಯೂ 1984ರಲ್ಲಿ ಪಾರ್ಕಿನ್‌ಸನ್ ರೋಗಲಕ್ಷಣಗಳಿಗೆ ಒಳಗಾದವನೆಂದು ವೈದ್ಯರು ಕಂಡುಕೊಂಡರು. 2016ರಲ್ಲಿ ತೀರಿಕೊಳ್ಳುವವರೆಗೆ ಅವನ ಕೈಗಳು ನಡುಗುತ್ತಲೇ ಇದ್ದವು. ಆ ಕೈಗಳ ಮೇಲೆ ಭವಿಷ್ಯ ನುಡಿದು ಗೆದ್ದವರೂ ಸೋತವರೂ ಲೆಕ್ಕವಿಲ್ಲದಷ್ಟು ಮಂದಿ. ನಡುಕದಲ್ಲಿ ಪಾಲು ಬೇಡಿದವರು ಯಾರೂ ಇಲ್ಲ.

ಆದುದರಿಂದ ಮಹಾಶಯರೇ, ಮುಂದಿನ ಸಲ ಇಬ್ಬರು ಮಲ್ಲರ ಸುದ್ದಿ ಕಿವಿಗೆ ಬಿದ್ದಾಗ ಅವಶ್ಯವಾಗಿ ಊಹೆಮಾಡಿರಿ. ಅದು ನಿರ್ದೋಷವಾದ ಸಂತೋಷ. ಆದರೆ ಯಾರು ಗೆಲ್ಲುವರೆಂದು ಕೇಳುವ ಮೊದಲು, ಈ ಜೋಡಿ ಸರಿಯಾದ ಜೋಡಿಯೇ ಎಂದು ಒಮ್ಮೆ ಕೇಳಿರಿ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಮಲ್ಲರು ಕಣದಲ್ಲಿ ಕೊಡುವರು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಕಣದ ಸುತ್ತ ಕುಳಿತ ನಾವು.