ಮಸೂದೆ ಕಾಯಿದೆಯಾಗುವ ಗಳಿಗೆ



‘ಮಸೂದೆಗೆ ಅಂಕಿತ ಬಿದ್ದ ಮೇಲೆ ಅದು ಕಾಯಿದೆಯಾಗುತ್ತದೆ’ ಎಂದು ಪೌರನೀತಿಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿರುತ್ತೀರಿ. ಆ ಒಂದು ಸಾಲನ್ನು ದಾಟಲು ಸ್ಕಾಟ್ಲೆಂಡಿನ ಮಕ್ಕಳ ಮಸೂದೆಯೊಂದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಇಂದು ನೋಡೋಣ.

ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1989ರಲ್ಲಿ. ಬ್ರಿಟನ್ 1991ರಲ್ಲೂ ಭಾರತ 1992ರಲ್ಲೂ ಅದಕ್ಕೆ ಒಪ್ಪಿಗೆ ನೀಡಿದವು. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಬ್ರಿಟನ್ನಿನಲ್ಲಿ ಅದು ಕಾನೂನಾಗುವುದಿಲ್ಲ. ಶಾಸನಸಭೆ ಪ್ರತ್ಯೇಕ ಕಾಯಿದೆ ಮಾಡಬೇಕು. ಎಡಿನ್‌ಬರೊದಲ್ಲಿರುವ ಸ್ಕಾಟ್ಲೆಂಡಿನ ಪಾರ್ಲಿಮೆಂಟು 2021ರ ಮಾರ್ಚ್ 16ರಂದು ಅಂಥ ಮಸೂದೆಯನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಆದರೂ ಅದು ಅರಮನೆ ತಲುಪಲಿಲ್ಲ. ಏಕೆ? ಈ ಪಾರ್ಲಿಮೆಂಟು ಹುಟ್ಟಿದ್ದೇ ಲಂಡನ್ನಿನ ಪಾರ್ಲಿಮೆಂಟು ಮಾಡಿದ 1998ರ ಕಾಯಿದೆಯಿಂದ. ಮಸೂದೆ ಅಂಗೀಕಾರವಾದ ಮೇಲೆ ನಾಲ್ಕು ವಾರಗಳೊಳಗೆ ಸರ್ಕಾರದ ಕಾನೂನು ಅಧಿಕಾರಿಗಳು ‘ಇದು ನಿಮ್ಮ ವ್ಯಾಪ್ತಿಯದಲ್ಲ’ ಎಂದು ಸುಪ್ರೀಂ ಕೋರ್ಟಿಗೆ ಹೋಗಬಹುದೆಂದು ಆ ಕಾಯಿದೆಯಲ್ಲಿದೆ. ಲಂಡನ್ ಸರ್ಕಾರದವರು ಹೋದರು. ತಕರಾರು ಮಕ್ಕಳ ಹಕ್ಕಿನ ಬಗ್ಗೆ ಅಲ್ಲ. ಲಂಡನ್ ಮಾಡಿದ ಕಾಯಿದೆಗಳನ್ನೂ ಎಡಿನ್‌ಬರೊ ಒರೆಗೆ ಹಚ್ಚಬಹುದೇ ಎಂಬ ಬಗ್ಗೆ. 2021ರ ಅಕ್ಟೋಬರ್ 6ರಂದು ನ್ಯಾಯಾಲಯ ಅವರ ವಾದವನ್ನು ಒಪ್ಪಿತು.

ಮಸೂದೆಯನ್ನು ತಿದ್ದಿ ಮತ್ತೆ ಅಂಗೀಕರಿಸುವಷ್ಟರಲ್ಲಿ 2023ರ ಡಿಸೆಂಬರ್ 7 ಬಂತು. ನಡುವೆ, 2022ರಲ್ಲಿ, ರಾಣಿ ಎರಡನೆಯ ಎಲಿಜಬೆತ್ ತೀರಿಕೊಂಡಿದ್ದರು. ಅಂಕಿತ ದೊರೆತದ್ದು ದೊರೆ ಮೂರನೆಯ ಚಾರ್ಲ್ಸ್‌ರಿಂದ, 2024ರ ಜನವರಿ 16ರಂದು.

ವಿಜ್ಞಾನ ಓದಿ ಟೆಲಿವಿಷನ್ನಿಗೆ ಬಂದ ನನಗೆ, ನೀರು ಯಾವ ಬಿಂದುವಿನಲ್ಲಿ ಹಬೆಯಾಯಿತು ಎಂದು ಕೇಳುವ ಚಾಳಿ. ಇಲ್ಲಿ ಉತ್ತರ ಸ್ಪಷ್ಟವಾಗಿದೆ. ದೊರೆ ಸಹಿ ಹಾಕಿದ ಕ್ಷಣವಲ್ಲ. ಆ ಪತ್ರ ಸ್ಕಾಟ್ಲೆಂಡಿನ ಮುದ್ರೆ ಹೊತ್ತು, ಮಹಾಮುದ್ರೆಯ ದಾಖಲೆಯಲ್ಲಿ ನಮೂದಾದ ದಿನದ ಆರಂಭದಲ್ಲಿ. ದೊರೆ ‘ಒಲ್ಲೆ’ ಎಂದರೆ? ಕೊನೆಯದಾಗಿ ಹಾಗೆಂದವರು ಆನ್ ರಾಣಿ, 1708ರಲ್ಲಿ, ಮಂತ್ರಿಗಳ ಸಲಹೆಯಂತೆ. ಅದೂ ಸ್ಕಾಟ್ಲೆಂಡಿನ ನಾಡಪಡೆಯ ಮಸೂದೆಗೇ!

ಅಂಕಿತ ಬಿದ್ದ ದಿನವೇ ಎಲ್ಲವೂ ಜಾರಿಯಾಗಲಿಲ್ಲ. ಸಾರ್ವಜನಿಕ ಸಂಸ್ಥೆಗಳು ಮಕ್ಕಳ ಹಕ್ಕುಗಳಿಗೆ ವಿರುದ್ಧವಾಗಿ ನಡೆಯಬಾರದೆಂಬ ಮುಖ್ಯ ಭಾಗ ಜಾರಿಗೆ ಬಂದದ್ದು 2024ರ ಜುಲೈ 16ರಂದು. ನೀವೇ ಲೆಕ್ಕ ಹಾಕಿ. ಮೊದಲ ಮತದಾನದ ದಿನ 15 ತುಂಬಿದ್ದ ಹುಡುಗಿಗೆ ಆ ಹೊತ್ತಿಗೆ 18 ದಾಟಿತ್ತು. ಒಡಂಬಡಿಕೆಯ ಲೆಕ್ಕದಲ್ಲಿ 18ರ ಒಳಗಿನವರೇ ಮಕ್ಕಳು. ಕಾನೂನು ಬರುವಷ್ಟರಲ್ಲಿ ಅವಳು ಅದರ ಕೈಗೆ ಸಿಗದಷ್ಟು ಬೆಳೆದುಬಿಟ್ಟಿದ್ದಳು.

ಇನ್ನೊಂದು ತೊಡಕೂ ಉಂಟು. ಸ್ಕಾಟ್ಲೆಂಡಿನ ಶಾಲೆಗಳಿಗೆ ಸಂಬಂಧಿಸಿದ 1980ರ ಶಿಕ್ಷಣ ಕಾಯಿದೆ ಲಂಡನ್ನಿನಲ್ಲಿ ಆದದ್ದು. ಆದ್ದರಿಂದ ಅದರಡಿ ನಡೆಯುವ ಕೆಲಸಗಳು ಈ ಹೊಣೆಯಿಂದ ಹೊರಗುಳಿದವು. ನನಗಂತೂ ಇದು ಸಣ್ಣ ಮಾತೆನಿಸುವುದಿಲ್ಲ. ಮಗು ಹಗಲಿನ ಹೆಚ್ಚು ಹೊತ್ತು ಇರುವುದೇ ಶಾಲೆಯಲ್ಲಿ ಅಲ್ಲವೇ?

ನಮ್ಮಲ್ಲೂ ಇಂಥ ಎರಡು ಮೆಟ್ಟಿಲುಂಟು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎನ್ನುವ ಕರ್ನಾಟಕದ ತಿದ್ದುಪಡಿ ಕೇಂದ್ರದ 2006ರ ಕಾಯಿದೆಯನ್ನು ಮುಟ್ಟುತ್ತಿತ್ತು. ಹಾಗಾಗಿ ಅದು ರಾಷ್ಟ್ರಪತಿಗಳವರೆಗೆ ಹೋಗಿ 2017ರ ಏಪ್ರಿಲ್ 20ರಂದು ಅಂಕಿತ ಪಡೆಯಿತು. ಕಾಯಿದೆಯ ಮೊದಲ ಪುಟದಲ್ಲೇ ಇಂಥ ದಿನಾಂಕ ಅಚ್ಚಾಗಿರುತ್ತದೆ. ಗ್ರಂಥಾಲಯಕ್ಕೆ ಹೋದಾಗ ಯಾವುದಾದರೊಂದನ್ನು ತೆಗೆದು ನೋಡಿ.