ರೈತರ ಮನೆಗೆ ಯಾವ ಮಂಚ?



ಬಿತ್ತುವ ಬೀಜವನ್ನು ಹತ್ತು ಕಡೆ ವಿಚಾರಿಸಿ ತರುವ ರೈತರು ತಾವು ಮಲಗುವ ಮಂಚದ ಬಗ್ಗೆ ಅಷ್ಟು ವಿಚಾರ ಮಾಡುವುದಿಲ್ಲ. ಜೇವರ್ಗಿ ತಾಲೂಕಿನ ಕೊಳಕೂರದಲ್ಲಾಗಲಿ, ಆಳಂದ, ಅಫಜಲಪುರ ಕಡೆಯ ಎರೆ ಸೀಮೆಯ ಊರುಗಳಲ್ಲಾಗಲಿ ದೊಡ್ಡ ಮಂಚ ಮನೆಗೆ ಬರುವುದು ಹೆಚ್ಚಾಗಿ ಲಗ್ನದ ಸಾಮಾನಿನೊಂದಿಗೆ. ಅದು ಬೀಗರಿಗೆ ಮೀಸಲಾಗಿ ನಿಲ್ಲುತ್ತದೆ. ಮಕ್ಕಳು, ಮುದುಕರು ನೆಲಕ್ಕೆ ಕೌದಿ ಹಾಸಿ ಮಲಗುತ್ತಾರೆ. ಆದ್ದರಿಂದ ಮಂಚ ಕೊಳ್ಳುವ ಮೊದಲು ಮನೆಯಲ್ಲಿ ನೆಲದ ಮೇಲೆ ಮಲಗುವವರು ಎಷ್ಟು ಜನ ಎಂಬುದನ್ನು ಎಣಿಸಿಕೊಳ್ಳುವುದು ಅವಶ್ಯ.

ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಶಹಾಬಾದ ಫರಸಿಯ ನೆಲ ತಂಪಾಗಿರುತ್ತದೆ ಎಂಬುದು ನಿಜ. ಆದರೆ ಮಳೆಗಾಲ ಬಂದಾಗ ಎರೆ ಭೂಮಿಯ ಬಿರುಕುಗಳು ಮುಚ್ಚಿ, ಇಲಿಬಿಲಗಳಲ್ಲಿ ನೀರು ತುಂಬಿ, ಹಾವುಗಳು ಒಣ ಜಾಗ ಹುಡುಕುತ್ತ ಮನೆಯೊಳಗೆ ಬರುತ್ತವೆ. ಇವುಗಳಲ್ಲಿ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದು ಇದರ ರೂಢಿ. ಕಚ್ಚಿದ ಜಾಗದಲ್ಲಿ ನೋವೂ ಕಡಿಮೆ, ಬಾವೂ ಕಡಿಮೆ. ಸೊಳ್ಳೆಯೋ ಇರುವೆಯೋ ಕಚ್ಚಿರಬೇಕೆಂದು ಮಗ್ಗುಲು ಬದಲಿಸಿ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆನೋವು ಬಂದು, ರೆಪ್ಪೆ ಜೋತು, ಮಾತು ತೊದಲಿ, ಕೊನೆಗೆ ಉಸಿರೇ ನಿಲ್ಲಬಹುದು. ಇಂತಹ ಲಕ್ಷಣ ಕಂಡ ಕೂಡಲೇ ಮಂತ್ರ, ನಾಟಿ ಔಷಧಿ ಎಂದು ವೇಳೆ ಕಳೆಯದೆ, ಕಚ್ಚಿದಲ್ಲಿ ಕೊಯ್ಯದೆ, ಬಿಗಿದು ಕಟ್ಟದೆ, ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಡಿತವನ್ನು ಕರ್ನಾಟಕ ಸರಕಾರವು 2024ರಲ್ಲಿ, ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಹಳೆಯ ನುಲಿಯ ಹೊರಸಿನಷ್ಟು ಯೋಗ್ಯವಾದ ಮಂಚ ರೈತರ ಮನೆಗೆ ಮತ್ತೊಂದಿಲ್ಲ. ಕೆತ್ತನೆಯ ಒಂದು ದೊಡ್ಡ ಮಂಚಕ್ಕೆ ಹಾಕುವ ಹಣದಲ್ಲಿ ಹಲವು ಹೊರಸುಗಳು ಬರುತ್ತವೆ. ಅದರ ಕೆಳಗೂ ಮೇಲೂ ಗಾಳಿ ಆಡುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೆ, ರಾಶಿಯ ಕಾಲಕ್ಕೆ ಕಣಕ್ಕೆ ಇಬ್ಬರೇ ಎತ್ತಿ ಒಯ್ಯಬಹುದು. ಕಾಲಿನ ಎತ್ತರ ಒಂದು ಮೊಳಕ್ಕೆ ಕಡಿಮೆ ಇರಬಾರದು. ಕೆಳಗೆ ಪೆಟ್ಟಿಗೆಯಂತೆ ಮುಚ್ಚಿದ ಮಂಚಗಳು ಪೇಟೆಯಲ್ಲಿ ಬಂದಿವೆ. ಸಾಮಾನು ಇಡಲು ಅನುಕೂಲವೇನೋ ಹೌದು, ಆದರೆ ಇಲಿಗೂ ಅಷ್ಟೇ ಅನುಕೂಲ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಜೋಳ, ತೊಗರಿಯ ಚೀಲಗಳನ್ನೂ ಮಲಗುವ ಕೋಣೆಯಲ್ಲಿ ಇಡಬಾರದು.

ಮಂಚವಿದ್ದ ಮಾತ್ರಕ್ಕೆ ಭಯ ತೀರಿತೆಂದು ತಿಳಿಯಬಾರದು. ಮಂಚ ಗೋಡೆಗೆ ತಾಗಿರಬಾರದು, ಹೊದಿಕೆಯ ಸೆರಗು ನೆಲಕ್ಕೆ ಜೋಲಬಾರದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ನಾಲ್ಕೂ ಕಡೆ ಸಿಕ್ಕಿಸಬೇಕು. ಎಲ್ಲರಿಗೂ ಮಂಚ ಒದಗಿಸಲಾಗದ ಮನೆಯಲ್ಲಿ ನೆಲದ ಹಾಸಿಗೆಗೂ ಹೀಗೆಯೇ ಪರದೆ ಕಟ್ಟಿದರೆ ಸೊಳ್ಳೆಯ ಜೊತೆ ಹಾವಿನಿಂದಲೂ ರಕ್ಷಣೆ ದೊರೆಯುತ್ತದೆ.

ಹೊರಸಿನ ಚೌಕಟ್ಟಿಗೆ ಬದುವಿನ ಮೇಲಿನ ಕರಿಜಾಲಿ ಅಥವಾ ಬೇವು ಸಾಕು. ಹಸಿ ಕಟ್ಟಿಗೆಯಲ್ಲಿ ಮಾಡಿಸಿದರೆ ಒಣಗುವಾಗ ಸೊಟ್ಟಗಾಗಿ ಕೀಲು ಸಡಿಲುತ್ತದೆ. ಜಾಲಿಯ ದಿಮ್ಮಿಯನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ ಬಳಸಿದರೆ ಕೊರೆಯುವ ಹುಳುವಿನ ಕಾಟ ಕಡಿಮೆ.

ನುಲಿಗೆ ಪೇಟೆಯ ನೈಲಾನ್ ಹಗ್ಗವೇ ಆಗಬೇಕೆಂದಿಲ್ಲ. ಪಲ್ಯಕ್ಕೆಂದು ಹೊಲದಲ್ಲಿ ಹಾಕುವ ಪುಂಡಿಯೇ ಒಳ್ಳೆಯ ನಾರಿನ ಬೆಳೆ. ಸುಮಾರು ಅರ್ಧದಷ್ಟು ಗಿಡಗಳು ಹೂ ಬಿಟ್ಟಾಗ ಕೊಯ್ದರೆ ನಾರು ಮೃದುವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಬೀಜ ಬಲಿಯುವವರೆಗೆ ಬಿಟ್ಟರೆ ಒರಟಾಗುತ್ತದೆ. ಆದುದರಿಂದ ಬೀಜಕ್ಕೆ ಒಂದು ಸಾಲು ಬೇರೆ ಬಿಟ್ಟುಕೊಂಡು ಉಳಿದುದನ್ನು ನಾರಿಗೆ ಕೊಯ್ಯುವುದು ಲೇಸು. ಸಿವುಡು ಕಟ್ಟಿ, ಎಲೆ ಉದುರಿದ ಮೇಲೆ ನಿಂತ ನೀರಿನಲ್ಲಿ ಎರಡು ವಾರದಷ್ಟು ಕೊಳೆಹಾಕಿ, ತೊಗಟೆ ಸಲೀಸಾಗಿ ಬಿಡುವಾಗ ತೆಗೆದು ತೊಳೆಯಬೇಕು. ಹೆಚ್ಚು ದಿನ ಬಿಟ್ಟರೆ ನಾರು ಸತ್ವ ಕಳೆದುಕೊಳ್ಳುತ್ತದೆ. ದನ ನೀರು ಕುಡಿಯುವ ಹೊಂಡದಲ್ಲಿ ಮಾತ್ರ ಈ ಕೆಲಸ ಬೇಡ.

ಹಾಸಲು ಕೌದಿ, ಇಲ್ಲವೆ ಹತ್ತಿಯ ತೆಳು ಗಾದಿ ಉತ್ತಮ. ಕೌದಿಯನ್ನು ಒಗೆಯಬಹುದು, ಗಾದಿಯ ಹತ್ತಿ ಗಂಟುಗಟ್ಟಿದಾಗ ಮತ್ತೆ ಹಿಂಜಿಸಬಹುದು. ಸ್ಪಂಜಿನ ಗಾದಿ ನಮ್ಮ ಸೆಕೆಗೆ ಹೊಂದುವುದಿಲ್ಲ.

ಹೊರಸಿಗೆ ಇರುವ ಒಂದು ದೋಷ ತಿಗಣೆ. ನುಲಿಯ ಗಂಟುಗಳಲ್ಲಿ, ಕೀಲಿನ ಸಂದಿಗಳಲ್ಲಿ ಅವು ಅಡಗುತ್ತವೆ. ಕುದಿಯುವ ನೀರನ್ನು ಸಂದಿಗಳಿಗೆ ಸುರಿದು, ಹೊರಸನ್ನು ಮಗ್ಗುಲಾಗಿಸಿ ಏಪ್ರಿಲ್ ತಿಂಗಳ ಬಿಸಿಲಿಗೆ ಇಡಬೇಕು. ವಾರ ಬಿಟ್ಟು ಮತ್ತೆ ಮತ್ತೆ ಹೀಗೆ ಮಾಡಿದರೆ ಮೊಟ್ಟೆಯಿಂದ ಹೊರಬಂದ ಮರಿಗಳೂ ಸಾಯುತ್ತವೆ. ತೊಗರಿಗೆ, ಹತ್ತಿಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ಮಂಚಕ್ಕೆ ಬಳಿಯುವವರಿದ್ದಾರೆ. ಅದರ ಮೇಲೆ ರಾತ್ರಿಯೆಲ್ಲ ಮೈ ಒರಗಿಸಿ ಮಲಗುವುದು ಮನೆಯ ಕೂಸು ಎಂಬುದನ್ನು ಮರೆಯದೆ, ಆ ಡಬ್ಬಿಯನ್ನು ಮಲಗುವ ಕೋಣೆಯಿಂದ ಹೊರಗೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು.