ಚೆಂಡಾಟವೂ ದುಡಿಮೆಯೇ
(ಕಾರ್ಮಿಕರ ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಫುಟ್‌ಬಾಲ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವವರು ಕೋಟಿಗಟ್ಟಲೆ ಹಣ ಪಡೆಯುವ ನಾಲ್ಕಾರು ಮಂದಿ. ಆದರೆ ಆ ಆಟವನ್ನು ಹೊತ್ತು ನಿಂತವರು ಅವರಲ್ಲ. ಈ ವರುಷ ಒಂದು ಊರು, ಮುಂದಿನ ವರುಷ ಮತ್ತೊಂದು ಊರು ಎಂದು ಕರಾರಿನ ಮೇಲೆ ದುಡಿಯುವ ಸಾಮಾನ್ಯ ಆಟಗಾರರೇ ಅದನ್ನು ಹೊತ್ತಿದ್ದಾರೆ. ಅಂಥವರಲ್ಲಿ ಒಬ್ಬನಾದ ಇಂಗ್ಲೆಂಡಿನ ರಿಕಿ ಲ್ಯಾಂಬರ್ಟನ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ. ಗೋಲು ಹೊಡೆಯುವುದು ಅವನ ಕಸುಬಾಗಿತ್ತು.

ಲ್ಯಾಂಬರ್ಟ್ ಹುಟ್ಟಿದ್ದು 1982ರಲ್ಲಿ, ಲಿವರ್‌ಪೂಲ್ ನಗರದ ಮಗ್ಗುಲಿನ ಕರ್ಕ್‌ಬಿ ಎಂಬ ದುಡಿಯುವವರ ಊರಿನಲ್ಲಿ. ಹತ್ತನೆಯ ವಯಸ್ಸಿಗೇ ಲಿವರ್‌ಪೂಲ್ ಕ್ಲಬ್ಬಿನ ಬಾಲಕರ ತಂಡ ಸೇರಿದ. ಹದಿನೈದನೆಯ ವಯಸ್ಸಿಗೆ ಕ್ಲಬ್ಬಿನವರು ‘ನೀನು ಬೇಡ’ ಎಂದರು. ಹುಡುಗನೊಬ್ಬನ ಹೆಸರಿನ ಮುಂದೆ ‘ನಪಾಸು’ ಎಂದು ಬರೆಯುವುದು ಎಷ್ಟು ಸುಲಭವೆಂಬುದು ಶಾಲೆಯಲ್ಲಿ ಪಾಠ ಹೇಳಿದ ನನಗೆ ಗೊತ್ತು. ಅದನ್ನು ಹೊತ್ತು ಮನೆಗೆ ಹೋಗುವವನ ಕಷ್ಟ ಬೇರೆ. ಮುಂದೆ ಬ್ಲಾಕ್‌ಪೂಲ್ ಕ್ಲಬ್ಬು ಅವನನ್ನು ಸೇರಿಸಿಕೊಂಡಿತು. 2000ದಲ್ಲಿ ಅದೂ ಕೈಬಿಟ್ಟಿತು. ಆಗ ಅವನು ಬೀಟ್‌ರೂಟ್ ತುಂಬಿದ ಸೀಸೆಗಳಿಗೆ ಮುಚ್ಚಳ ಹಾಕುವ ಕಾರ್ಖಾನೆಗೆ ಸೇರಿದ. ದಿನಗೂಲಿ ಸುಮಾರು 20 ಪೌಂಡು. ಜತೆಗೆ ಮ್ಯಾಕಲ್ಸ್‌ಫೀಲ್ಡ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಬಿಟ್ಟಿಯಾಗಿ ಅಭ್ಯಾಸ. 2001ರಲ್ಲಿ ಆ ಕ್ಲಬ್ಬು ಅವನೊಡನೆ ಕರಾರು ಮಾಡಿಕೊಂಡಿತು.

ಇಲ್ಲಿಂದ ಅವನು ಆಡಿದ ಊರುಗಳನ್ನು ಗಮನಿಸಿ. ಮ್ಯಾಕಲ್ಸ್‌ಫೀಲ್ಡ್ ರೇಷ್ಮೆ ಮಿಲ್ಲುಗಳ ಊರು. ಅಲ್ಲಿನ ತಂಡಕ್ಕೆ ‘ರೇಷ್ಮೆಯವರು’ ಎಂದೇ ಅಡ್ಡಹೆಸರು. 2002ರಲ್ಲಿ ಹೋದ ಸ್ಟಾಕ್‌ಪೋರ್ಟ್ ಟೋಪಿ ತಯಾರಿಸುವವರ ಊರಾಗಿತ್ತು. 2005ರಲ್ಲಿ ಸೇರಿದ ರಾಚ್‌ಡೇಲ್ ಹತ್ತಿ ಮಿಲ್ಲುಗಳ ಊರು. 1844ರಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ ಸಹಕಾರದ ಅಂಗಡಿ ತೆರೆದದ್ದು ಅಲ್ಲೇ. ಮಿಲ್ಲುಗಳು ಮುಚ್ಚಿದ ಮೇಲೂ ಈ ಊರುಗಳಲ್ಲಿ ಜನ ಶನಿವಾರ ಒಂದೆಡೆ ಸೇರಲು ಉಳಿದದ್ದು ಫುಟ್‌ಬಾಲ್ ಮೈದಾನ.

ಸ್ಟಾಕ್‌ಪೋರ್ಟಿನವರು ಲ್ಯಾಂಬರ್ಟನಿಗಾಗಿ 3 ಲಕ್ಷ ಪೌಂಡು ಕೊಟ್ಟರು. ಯಾರಿಗೆ? ಅವನಿಗಲ್ಲ, ಮ್ಯಾಕಲ್ಸ್‌ಫೀಲ್ಡ್ ಕ್ಲಬ್ಬಿಗೆ. ಇನ್ನೂ ಕರಾರಿನಲ್ಲಿರುವ ಆಟಗಾರನನ್ನು ಬಿಟ್ಟುಕೊಡಲು ಒಂದು ಕ್ಲಬ್ಬು ಮತ್ತೊಂದಕ್ಕೆ ವಿಧಿಸುವ ಬೆಲೆ ಅದು. ಸಣ್ಣ ಕ್ಲಬ್ಬನ್ನೂ ದೂರಬೇಡಿ. ಒಳ್ಳೆಯ ಸರಕು ಮಾರಿ ಬಾಡಿಗೆ ಕಟ್ಟುವ ಸಣ್ಣ ಅಂಗಡಿಯಂತೆ ಅದರ ಬಾಳು. ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬು ಸಾಲದಲ್ಲಿ ಮುಳುಗಿ 2020ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಮುಚ್ಚಿಹೋಯಿತು.

ಲ್ಯಾಂಬರ್ಟನಿಗೆ ತನ್ನ ಸಂಬಳದ ವಿಷಯ ಮಾತಾಡುವ ಹಕ್ಕಾದರೂ ಇತ್ತು. ಆ ಹಕ್ಕು ಎಲ್ಲಿಂದ ಬಂತು? 1901ರಲ್ಲಿ ಅಲ್ಲಿನ ಆಟಗಾರರಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟು ಮಾಡಿದ್ದರು. ಕರಾರು ಮುಗಿದರೂ ಕ್ಲಬ್ಬು ಒಪ್ಪದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. 1907ರಲ್ಲಿ ಆಟಗಾರರು ಸಂಘ ಕಟ್ಟಿದರು. ಕಡೆಗೆ ವಾರಕ್ಕೆ 20 ಪೌಂಡಿಗೆ ಏರಿದ್ದ ಮಿತಿಯನ್ನು 1961ರ ಜನವರಿಯಲ್ಲಿ ಕಿತ್ತುಹಾಕಿಸಿದರು. ಮೈದಾನಕ್ಕೆ ಇಳಿಯುವುದಿಲ್ಲ ಎಂದು ಅವರೆಲ್ಲ ಒಂದಾಗಿ ನಿಂತಾಗ ಧಣಿಗಳು ಮಣಿದರು. ನ್ಯೂಕಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಕರಾರಿಗೆ ರುಜು ಹಾಕಲೊಪ್ಪದೆ, ಆಟ ಬಿಟ್ಟು ತಿಂಗಳುಗಟ್ಟಲೆ ಕಾರ್ಕ್ ಮಾರುವ ಕೆಲಸ ಮಾಡಿದ. 1963ರಲ್ಲಿ ನ್ಯಾಯಾಲಯ ಅವನ ಮಾತನ್ನು ಎತ್ತಿಹಿಡಿಯಿತು. 1995ರಲ್ಲಿ ಬೆಲ್ಜಿಯಮ್ಮಿನ ಬೋಸ್‌ಮನ್ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಮೇಲೆ, ಕರಾರು ಮುಗಿದ ಆಟಗಾರ ಯುರೋಪಿನ ಒಕ್ಕೂಟದ ಇನ್ನೊಂದು ದೇಶಕ್ಕೆ ಬೆಲೆಯ ತಡೆಯಿಲ್ಲದೆ ಹೋಗಬಹುದಾಯಿತು. ಇದಾವುದೂ ಧಣಿಗಳ ಔದಾರ್ಯದಿಂದ ಬಂದದ್ದಲ್ಲ.

ಮತ್ತೆ ಲ್ಯಾಂಬರ್ಟನ ಕಡೆಗೆ ಬರೋಣ. 2006ರಲ್ಲಿ ಅವನು ಬ್ರಿಸ್ಟಲ್ ರೋವರ್ಸ್ ಸೇರಿದ. 2008-09ರ ಸಾಲಿನಲ್ಲಿ ಮೂರನೆಯ ದರ್ಜೆಯ ಲೀಗಿನಲ್ಲಿ 29 ಗೋಲು ಹೊಡೆದ. 2009ರಲ್ಲಿ, ದಿವಾಳಿಯ ಅಂಚಿಗೆ ಹೋಗಿ ಮೂರನೆಯ ದರ್ಜೆಗೆ ಇಳಿದಿದ್ದ ಸೌತಾಂಪ್ಟನ್ ಅವನನ್ನು ಕೊಂಡಿತು. 2011 ಮತ್ತು 2012ರಲ್ಲಿ ಎರಡು ದರ್ಜೆ ಏರಿ ಆ ತಂಡ ಮೇಲಿನ ಸಾಲಿಗೆ ಬಂತು. ಅಲ್ಲಿ ಅವನು 235 ಪಂದ್ಯಗಳಲ್ಲಿ 117 ಗೋಲು ಹೊಡೆದ. ಪೆನಾಲ್ಟಿಗಳು 34, ಮೂವತ್ತನಾಲ್ಕೂ ಗೋಲಾದವು. 2013ರ ಆಗಸ್ಟ್ 14ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಪರವಾಗಿ ಸ್ಕಾಟ್‌ಲೆಂಡಿನ ಮೇಲೆ ಆಡಲು ಕರೆ ಬಂತು. ನಮ್ಮ ಮಿಲ್ಲಿನ ಮಾತಿನಲ್ಲಿ ಹೇಳುವುದಾದರೆ ಬದಲಿಯಾಗಿ ಇಳಿದ. ಮೊದಲ ಸಲ ಚೆಂಡು ಮುಟ್ಟಿದ್ದೇ ಗೋಲು. ಪಂದ್ಯ 3-2ರಲ್ಲಿ ಇಂಗ್ಲೆಂಡಿನದಾಯಿತು. ಮರುವರುಷ, ಹದಿನೈದರಲ್ಲಿ ಹೊರಹಾಕಿದ್ದ ಅದೇ ಲಿವರ್‌ಪೂಲ್ ಸುಮಾರು 40 ಲಕ್ಷ ಪೌಂಡು ತೆತ್ತು ಅವನನ್ನು ಕರೆದುಕೊಂಡಿತು.

ಇದನ್ನು ಕೇಳಿ ಕೆಲವರು ಹೇಳುತ್ತಾರೆ: ‘ನೋಡಿ, ಬೆವರು ಸುರಿಸಿದವನು ಮೇಲೆ ಬಂದೇ ಬರುತ್ತಾನೆ, ಸಂಘ ಏಕೆ, ಹೋರಾಟ ಏಕೆ?’ ಈ ಮಾತಿಗೆ ಮರುಳಾಗಬೇಡಿ. ಲ್ಯಾಂಬರ್ಟನ ಜತೆಯಲ್ಲೇ ಹೊರಬಿದ್ದ ಹುಡುಗರೂ ಬೆವರು ಸುರಿಸಿದವರೇ. ಅವರ ಹೆಸರು ನಮಗೆ ತಿಳಿಯದು. ಅವನಿಗೂ ಲಿವರ್‌ಪೂಲಿನಲ್ಲಿ ಹೆಚ್ಚಿನ ಕಾಲ ಬೆಂಚೇ ಗತಿಯಾಯಿತು. ಒಂದೇ ವರುಷಕ್ಕೆ ವೆಸ್ಟ್ ಬ್ರಾಮ್‌ವಿಚ್, ಮತ್ತೊಂದು ವರುಷಕ್ಕೆ ಕಾರ್ಡಿಫ್. 2017ರಲ್ಲಿ ಆಟ ಮುಗಿಯಿತು. ಆಗ ಅವನಿಗೆ ಮೂವತ್ತೈದು. ಮಗ್ಗದ ಮುಂದೆ ನಿಂತವನಿಗೆ ಆ ವಯಸ್ಸಿನಲ್ಲಿ ಇನ್ನೂ ಅರ್ಧ ದುಡಿಮೆ ಬಾಕಿ ಇರುತ್ತದೆ. ಕಾಲನ್ನೇ ನಂಬಿದವನಿಗೆ ಇಲ್ಲ.

ಆದುದರಿಂದ ಬಂಧುಗಳೇ, ನಾವು ಎರಡು ಮಾತು ನೆನಪಿಡೋಣ. ಗೇಟಿನಲ್ಲಿ ನಿಂತು ‘ನೀನು ಬೇಡ’ ಎನ್ನುವವನಿಗೆ ಮನುಷ್ಯನ ಯೋಗ್ಯತೆ ಅಳೆಯುವ ತಕ್ಕಡಿ ದೇವರು ಕೊಟ್ಟಿಲ್ಲ. ಅವನ ತೂಕ ತಪ್ಪಾಗಿತ್ತೆಂದು ಲ್ಯಾಂಬರ್ಟ್ ತೋರಿಸಿಕೊಟ್ಟ. ಆದರೆ ಅದನ್ನು ತೋರಿಸಲು ಪ್ರತಿಯೊಬ್ಬನೂ 117 ಗೋಲು ಹೊಡೆಯಬೇಕೆನ್ನುವುದು ನ್ಯಾಯವಲ್ಲ. ಗೋಲು ಹೊಡೆಯದವನಿಗೂ ಕೂಲಿ, ಕರಾರು, ಮರ್ಯಾದೆ ಸಿಗಬೇಕು. ಅದನ್ನು ಒಬ್ಬನ ಕಾಲು ತಂದುಕೊಡಲಾರದು. 1961ರಲ್ಲಿ ಆ ಆಟಗಾರರು ಮಾಡಿದಂತೆ, ಎಲ್ಲರೂ ಒಟ್ಟಾಗಿ ಕೇಳಿದಾಗಲೇ ಅದು ಸಿಗುವುದು.